ಮೂರು ಫ್ರೇಮಿನಲ್ಲಿ ಕಂಡ ತಂತಿ

ಹಳೇ ಸಿನಿಮಾ ಮತ್ತೆ ಬಿಡುಗಡೆ ಮಾಡ್ತಿದ್ದೀವಿ, ಸೆನ್ಸಾರ್ ಕೆಲಸ ನೋಡಿಕೊಡಿ ಅಂತ ನಿರ್ಮಾಪಕರ ಮಗ ಗಾಂಧಿನಗರದಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಎರಡು ದಿನದ ಕೆಲಸ ಅಂದುಕೊಂಡೆ. ಸೆನ್ಸಾರ್ ಸ್ಕ್ರಿಪ್ಟ್, ಅಂದರೆ ಮುಗಿದ ಸಿನಿಮಾ ನೋಡಿ ಬೋರ್ಡಿಗೆ ಕೊಡುವ ಬರಹ, ಬರೆದೇ ಹೊಟ್ಟೆ ಹೊರೆದವನು ನಾನು. ಸಿನಿಮಾ ಎಂಬತ್ತರ ದಶಕದ್ದು. ಆಗಲೇ ಸರ್ಟಿಫಿಕೇಟ್ ಆಗಿ, ಓಡಿ, ಮರೆತುಹೋಗಿತ್ತು. ಹೆಸರು ಬೇಡ.

ನೆಗೆಟಿವ್ ಸ್ಕ್ಯಾನ್ ಆಗಿ ಬಂತು. ಡಕಾಯಿತನ ಕುದುರೆ ಬೀಳುವ ಸೀನಿನಲ್ಲಿ ಯಾಕೋ ಅನುಮಾನ ಬಂದು ಫ್ರೇಮ್ ಫ್ರೇಮಾಗಿ ಓಡಿಸಿದೆ. ಮುಂಗಾಲಿನ ಹತ್ತಿರ ಏನೋ ಮಿಂಚಿತು. ಮೂರೇ ಫ್ರೇಮು. ತಂತಿ! ಥಿಯೇಟರಿನ ಸವೆದ ಪ್ರಿಂಟಿನಲ್ಲಿ ಇದು ಕಾಣುವ ಮಾತೇ ಇರಲಿಲ್ಲ.

ಕುದುರೆ ಬೀಳುವುದರಲ್ಲಿ ಎರಡು ಬಗೆ. ಪಳಗಿಸಿದ ಕುದುರೆಯಾದರೆ ಸವಾರ ಲಗಾಮು ಒಂದು ಕಡೆ ಎಳೆಯುತ್ತಾನೆ. ಕುದುರೆ ಕತ್ತು ತಿರುಗಿಸಿ ಪಕ್ಕಕ್ಕೆ ಮಲಗಿದ ಹಾಗೆ ಬೀಳುತ್ತದೆ. ತಂತಿ ಕಟ್ಟಿದ್ದರೆ ಹಾಗಲ್ಲ. ಓಡುತ್ತಿರುವಾಗಲೇ ಮುಂಗಾಲು ಗಕ್ಕನೆ ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಮೂತಿ ನೆಲಕ್ಕೆ ಬಡಿದು ಹಿಂಭಾಗ ಮೇಲೇಳುತ್ತದೆ. ನಮ್ಮ ಡಕಾಯಿತನ ಕುದುರೆ ಬಿದ್ದದ್ದು ಹೀಗೆ. ಹಾಲಿವುಡ್‌ನಲ್ಲಿ ಈ ತಂತಿಗೆ ‘ರನ್ನಿಂಗ್ ಡಬ್ಲ್ಯೂ’ ಅಂತ ಹೆಸರೇ ಇತ್ತು. 1939ರ ‘ಜೆಸ್ಸಿ ಜೇಮ್ಸ್’ ಶೂಟಿಂಗ್‌ನಲ್ಲಿ ಕುದುರೆಯನ್ನು ಬಂಡೆಯಿಂದ ನೀರಿಗೆ ಕೆಡವಿ ಸಾಯಿಸಿದ ಮೇಲೆ ಅಲ್ಲಿ ಗಲಾಟೆಯಾಗಿ, ಸೆಟ್ಟಿನಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳಲು ಜನ ಬಂದರು. ಬ್ರಿಟನ್ ಅದಕ್ಕೂ ಮುಂಚೆ, 1937ರಲ್ಲೇ ಕಾನೂನು ಮಾಡಿತ್ತು. ಚಿತ್ರೀಕರಣಕ್ಕಾಗಿ ಪ್ರಾಣಿಗೆ ನಿಜವಾಗಿ ನೋವು ಕೊಟ್ಟಿದ್ದರೆ ಆ ಸೀನು ತೋರಿಸುವಂತಿಲ್ಲ. ಹಳೇ ವೆಸ್ಟರ್ನ್ ಸಿನಿಮಾಗಳ ಎಷ್ಟೋ ಕುದುರೆಗಳು ಅಲ್ಲಿ ಬೀಳುವ ಮೊದಲೇ ಕಟ್ ಆಗಿವೆ.

ನಮ್ಮಲ್ಲಿ ಪ್ರಶ್ನೆ ಎರಡು. ಸೆನ್ಸಾರ್ ಬೋರ್ಡಿನ 1991ರ ಮಾರ್ಗಸೂಚಿ ಕೇಳುವುದು, ಪ್ರಾಣಿಹಿಂಸೆಯನ್ನು ಸುಮ್ನೆ ಅನಗತ್ಯವಾಗಿ ತೋರಿಸಿದ್ದೀರಾ ಅಂತ. ಸಿನಿಮಾಕ್ಕೆ ಬಳಸುವ ಪ್ರಾಣಿಗಳ ಬಗ್ಗೆ ಇರುವ 2001ರ ನಿಯಮ ಕೇಳುವುದು ಶೂಟಿಂಗ್ ಹೇಗೆ ಮಾಡಿದಿರಿ ಅಂತ. ಮೊದಲೇ ಆನಿಮಲ್ ಬೋರ್ಡಿಗೆ, ಅಂದರೆ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿಗೆ, ಅರ್ಜಿ ಹಾಕಬೇಕು, ವೈದ್ಯರ ಸರ್ಟಿಫಿಕೇಟ್ ಬೇಕು, ಕಾಲಿಗೆ ತಂತಿ ಕಟ್ಟುವಂತಿಲ್ಲ, ಬೀಳಿಸಲು ಗುಂಡಿ ತೋಡುವಂತಿಲ್ಲ. ಮೊದಲು ಆ ಬೋರ್ಡು ಚೆನ್ನೈನಲ್ಲಿತ್ತು. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಹೋಗಿ ನಿಲ್ಲಬಹುದಿತ್ತು. ಈಗ ಹರಿಯಾಣದ ಬಲ್ಲಭ್‌ಗಢ! ಇರಲಿ. ಎಂಬತ್ತರ ದಶಕದಲ್ಲಿ ಮುಗಿದ ಶೂಟಿಂಗ್‌ಗೆ ಈಗ ಯಾವ ವೈದ್ಯರನ್ನು ಕರೆತರಲಿ? ಕುದುರೆ ಎಲ್ಲಿದೆ?

‘ಆಗ ಕಾನೂನೇ ಇರಲಿಲ್ಲವಲ್ಲ ಸಾರ್’ ಅಂದರು ಮಗ. ಇತ್ತು. ಪ್ರಾಣಿಹಿಂಸೆ ತಡೆ ಕಾಯ್ದೆ 1960ರದ್ದು. ಕೇಳುವವರು ಕಮ್ಮಿ ಇದ್ದರು, ಅಷ್ಟೆ.

‘ಹಂಗಾದ್ರೆ ಗ್ರಾಫಿಕ್ಸ್‌ನಲ್ಲಿ ತಂತಿ ಅಳಿಸಿಬಿಡೋಣ. ಮೂರು ಫ್ರೇಮ್ ತಾನೆ? ಯಾರಿಗೆ ಗೊತ್ತಾಗುತ್ತೆ?’

ಅಳಿಸಬಹುದಿತ್ತು, ಅರ್ಧ ಗಂಟೆ ಕೆಲಸ. ನಾನು ಒಪ್ಪಲಿಲ್ಲ. ತಂತಿ ಹೋದರೂ ಕುದುರೆ ಬೀಳುವುದು ಹಾಗೇ ಇರುತ್ತದೆ. ಕುದುರೆ ಬಲ್ಲವರು ಅದರ ಕುತ್ತಿಗೆ ನೋಡಿಯೇ ಹೇಳುತ್ತಾರೆ. ಶುರುವಿನಲ್ಲಿ ‘ಯಾವ ಪ್ರಾಣಿಗೂ ಹಿಂಸೆ ಮಾಡಿಲ್ಲ’ ಅನ್ನುವ ಸ್ಲೈಡ್ ಬೇರೆ ರೆಡಿ ಮಾಡಿಸಿದ್ದರು. ಅದನ್ನೂ ತೆಗೆಸಿದೆ. ಮುಖ ಗಂಟು ಹಾಕಿಕೊಂಡೇ ಒಪ್ಪಿದರು.

ಕಟ್ ಮಾಡೋಣ ಅಂದರೆ ಇನ್ನೊಂದು ತಲೆನೋವು. ಬೀಳುವುದು ನಾಲ್ಕು ಸೆಕೆಂಡು, 96 ಫ್ರೇಮು, ರೀಲಿನ ಲೆಕ್ಕದಲ್ಲಿ ಆರು ಅಡಿ. ಸೌಂಡ್ ನೋಡಿದರೆ ಮೋನೋ. ಮಾತು, ಮ್ಯೂಸಿಕ್, ಗೊರಸಿನ ಸದ್ದು ಎಲ್ಲ ಒಂದೇ ಟ್ರ್ಯಾಕಿನಲ್ಲಿ ಕಲಸಿಹೋಗಿವೆ, ಬೇರೆ ಬೇರೆ ಮಾಡಲು ಅವರ ಹತ್ತಿರ ಏನೂ ಉಳಿದಿರಲಿಲ್ಲ. ಚಿತ್ರದ ಜೊತೆ ಸೌಂಡೂ ಕತ್ತರಿಸಿದರೆ ಡೋಲಿನ ಪೆಟ್ಟು ನಡುವೆ ಹಾರುತ್ತದೆ. ಹಾಗೇ ಮಾಡಿ ನೋಡಿದೆ. ಪ್ರೊಜೆಕ್ಟರ್ ಕೆಟ್ಟ ಹಾಗಿತ್ತು. ಆಮೇಲೆ ಸೌಂಡ್ ಮುಟ್ಟದೆ, ಅದೇ ಕುದುರೆ ಅದಕ್ಕೂ ಮುಂಚೆ ಓಡುವ ಶಾಟಿನಿಂದ 96 ಫ್ರೇಮು ತಂದು ಆ ಜಾಗದಲ್ಲಿ ಕೂರಿಸಿದೆ. ಓಡುತ್ತದೆ, ಓಡುತ್ತದೆ, ನೆಟ್ಟಗೆ ಡಕಾಯಿತ ನೆಲದ ಮೇಲೆ. ಕುದುರೆ ಬಿತ್ತು ಅಂತ ನೋಡುವವರೇ ಅಂದುಕೊಳ್ಳುತ್ತಾರೆ.

ಸರ್ಟಿಫಿಕೇಟ್ ಆದ ಸಿನಿಮಾಕ್ಕೆ ಏನು ಸೇರಿಸಿದರೂ, ಏನು ತೆಗೆದರೂ ಬೋರ್ಡಿಗೆ ತಿಳಿಸಲೇಬೇಕು. ಹಳೇ ಸರ್ಟಿಫಿಕೇಟಿನ ನಕಲು, ಶೂಟಿಂಗ್ ಯಾವ ವರ್ಷದ್ದು ಅನ್ನುವ ಪತ್ರ, ತೆಗೆದದ್ದು ಎಷ್ಟು, ಹಾಕಿದ್ದು ಎಷ್ಟು ಅಂತ ಫ್ರೇಮಿನ ಲೆಕ್ಕ, ಎಲ್ಲ ಜೋಡಿಸಿ ಕೊಟ್ಟೆ. ಮೊದಲೆಲ್ಲ ಕಟ್ ಮಾಡಿದ ಫಿಲ್ಮ್ ತುಂಡನ್ನೇ ಒಪ್ಪಿಸಬೇಕಿತ್ತು. ಡಬ್ಬಿಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆವು. ಕುದುರೆ ಸೀನಿನ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ. ಬಿಟ್ಟಿದ್ದರೂ ಕೇಳುತ್ತಿರಲಿಲ್ಲವೇನೋ!

ಮೊದಲ ದಿನ ಥಿಯೇಟರಿಗೆ ಹೋಗಿದ್ದೆ. ಆ ಸೀನು ಬಂದಾಗ ಪಕ್ಕದ ಸೀಟಿನ ಹುಡುಗ ವಿಸಿಲ್ ಹೊಡೆದ. ಪರದೆ ಮೇಲೆ ಒಂದೇ ಹುಣಸೆಮರ ಎರಡು ಸಲ ಹಿಂದಕ್ಕೆ ಹೋಯಿತು.