ಲೇಬರ್ ಶೆಡ್‌ಗೆ ಹೋಗುವ ಕಾರ್ಯಕರ್ತರ ಕೆಲಸದ ಲೆಕ್ಕ ಇಡುವುದು ಹೇಗೆ?

ಬಿಹಾರ, ಒಡಿಶಾ, ಬಂಗಾಳದಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರು ಶೆಡ್‌ಗೆ ಮರಳುವುದೇ ಸಂಜೆ ಏಳರ ಹೊತ್ತಿಗೆ. ಬಿಡುವೇನಿದ್ದರೂ ಭಾನುವಾರ. ಅವರ ಬೆನ್ನಿಗೆ ನಿಲ್ಲುವ ಸಂಸ್ಥೆಯ ಕಾರ್ಯಕರ್ತರಿಗೆ ಮಾತ್ರ ಹತ್ತರಿಂದ ಆರು ಎಂಬ ಹಾಜರಿ ಇಟ್ಟರೆ ಅಸಲಿ ಕೆಲಸವೆಲ್ಲ ಲೆಕ್ಕದಾಚೆ ಉಳಿಯುತ್ತದೆ. ಆದ್ದರಿಂದ ಮೊದಲು ಹಾಜರಿ ಪುಸ್ತಕ ಸರಿಮಾಡಿ. ಶೆಡ್ ಭೇಟಿಯ ದಿನ ಕೆಲಸ ಶುರುವಾಗುವುದು ಮಧ್ಯಾಹ್ನ ಒಂದಕ್ಕೆ, ಮುಗಿಯುವುದು ರಾತ್ರಿ ಒಂಬತ್ತಕ್ಕೆ. ಭಾನುವಾರ ಹೋದವರಿಗೆ ಬದಲಿ ರಜೆ ಅದೇ ವಾರ ಕೊಡಿ. ‘ಆಮೇಲೆ ತಗೊಳ್ಳಿ’ ಎಂದ ರಜೆ ಕೈಗೆ ಬರುವುದು ಅಷ್ಟರಲ್ಲೇ ಇದೆ.

ಗುರಿ ಹಾಕುವವರು ಎಡವುವುದು ನೋಂದಣಿಯಲ್ಲಿ. ಇ-ಶ್ರಮ್ (ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ನೋಂದಣಿ) ಫಾರಂಗೆ ಹದಿನೈದು ನಿಮಿಷ, ಸಂಜೆಗೆ ಹತ್ತು ಜನ ಎಂದು ಕಚೇರಿಯಲ್ಲಿ ಕೂತು ಗುಣಿಸಿರುತ್ತಾರೆ. ಶೆಡ್‌ನಲ್ಲಿ ನೋಡಿದರೆ ಆಧಾರ್‌ಗೆ ಜೋಡಿಸಿದ ಸಿಮ್ ಊರಿನಲ್ಲಿ ಅಣ್ಣನ ಫೋನಿನಲ್ಲಿದೆ. ಒಟಿಪಿ ಅಲ್ಲಿಗೆ ಹೋಗುತ್ತದೆ, ಅಣ್ಣ ಫೋನ್ ಎತ್ತುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಬೆರಳಚ್ಚು ಕೊಡಿಸೋಣವೆಂದರೆ ಸಿಮೆಂಟಿಗೆ ಸವೆದ ಬೆರಳನ್ನು ಯಂತ್ರ ಓದುವುದಿಲ್ಲ. ಕೈ ತೊಳೆಸಿ, ಒರೆಸಿ, ಬೆರಳು ಬದಲಿಸಿ ಒತ್ತಿಸಬೇಕು. ಆಗಲೂ ಬರದಿದ್ದರೆ ಕಣ್ಣಿನ ಪಾಪೆ ಓದುವ ಯಂತ್ರವಿರುವ ಸೇವಾ ಕೇಂದ್ರಕ್ಕೆ ಇನ್ನೊಂದು ದಿನ ಕರೆದೊಯ್ಯಬೇಕು. ಇಬ್ಬರು ಹೋದರೆ ಸಂಜೆಗೆ ಐದಾರು ಜನ, ಅಷ್ಟೇ. ಆಗದ್ದಕ್ಕೂ ಒಂದು ಕಾಲಂ ಇಡಿ: ‘ಹಳೇ ನಂಬರ್’, ‘ಬೆರಳು ಓದಲಿಲ್ಲ’, ‘ಮೇಸ್ತ್ರಿ ಒಳಗೆ ಬಿಡಲಿಲ್ಲ’. ಇಲ್ಲದಿದ್ದರೆ ತಿಂಗಳ ಕೊನೆಗೆ ಬೈಗುಳ ತಿನ್ನುವುದು ಕಾರ್ಯಕರ್ತೆ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು. ಅದರ ಸಹಿಗಾಗಿ ಕಂಟ್ರಾಕ್ಟರ್ ಮೂರ್ನಾಲ್ಕು ಸಲ ಓಡಾಡಿಸಬಹುದು. ಆ ಓಡಾಟವೂ ಕೆಲಸವೆಂದೇ ದಾಖಲಾಗಲಿ.

ರಾತ್ರಿಯ ಆಟೋ ದುಡ್ಡನ್ನು ಮುಂಗಡವಾಗಿ ಕೊಡಿ. ಬಿಲ್ ಕೊಟ್ಟು ತಿಂಗಳುಗಟ್ಟಲೆ ಕಾಯುವ ಪದ್ಧತಿಯಲ್ಲಿ ಕಾರ್ಯಕರ್ತೆಯೇ ಸಂಸ್ಥೆಗೆ ಸಾಲ ಕೊಟ್ಟಂತಾಗುತ್ತದೆ. ಸ್ವಂತ ನಂಬರ್ ಹಂಚಬೇಡಿ. ಸಂಸ್ಥೆಯ ಸಿಮ್ ಒಂದಿರಲಿ, ರಾತ್ರಿ ಒಂಬತ್ತರ ಮೇಲೆ ಅದು ಸರದಿಯಂತೆ ಒಬ್ಬೊಬ್ಬರ ಬಳಿ ಇರಲಿ. ಅಪಾಯದ ಕರೆ ಬಂದರೆ ಮೊದಲು 112. ಕಾರ್ಯಕರ್ತೆ ಒಬ್ಬಳೇ ಹೊರಡುವುದು ಬೇಡ.

ಸೈಟಿನಲ್ಲಿ ಯಾರಾದರೂ ಕಾರ್ಯಕರ್ತೆಗೆ ಲೈಂಗಿಕ ಕಿರುಕುಳ ಕೊಟ್ಟರೆ ‘ಅದು ನಮ್ಮ ಆಫೀಸಲ್ಲ’ ಎಂದು ಸಂಸ್ಥೆ ಕೈತೊಳೆದುಕೊಳ್ಳುವಂತಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ, ಕೆಲಸದ ನಿಮಿತ್ತ ಹೋದ ಜಾಗವೂ ಕೆಲಸದ ಸ್ಥಳವೇ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯ ಸಂಸ್ಥೆಯಾದರೆ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು, ಮೂರು ತಿಂಗಳೊಳಗೆ, ಬರಹದಲ್ಲಿ.