ಹತ್ತನೆಯ ತರಗತಿಗೆ ಮರಳಿದ ಆರು ವಾರ

38ನೆಯ ವಯಸ್ಸಿನಲ್ಲಿ ಬಹುಚರ ಕ್ಯಾಲ್ಕುಲಸ್, ಅಂದರೆ ಎಕ್ಸ್, ವೈಗಳಂಥ ಒಂದಕ್ಕಿಂತ ಹೆಚ್ಚು ಚರಗಳ ಕ್ಯಾಲ್ಕುಲಸ್ ಕಲಿಯಲು ಕುಳಿತೆ. ಸಾಲಾಗಿ ನಿಂತ ಎರಡು, ಮೂರು ಇಂಟಿಗ್ರಲ್ ಚಿಹ್ನೆಗಳನ್ನು ಕಂಡು ಹೆದರಿದ್ದು ನಿಜ. ಆದರೆ ಕೈಕೊಟ್ಟದ್ದು ಎಸ್‌ಎಸ್‌ಎಲ್‌ಸಿಯ ಬೀಜಗಣಿತ.

ತುಮಕೂರಿನಿಂದ ಬೆಂಗಳೂರಿಗೆ ರೈಲಿನ ಪಾಸ್ ಇಟ್ಟುಕೊಂಡು ಓಡಾಡುವವನು ನಾನು. ಸೀಟು ಸಿಕ್ಕ ದಿನವೇ ಓದು. ಅಂಥ ಒಂದು ದಿನ ಕ್ಯಾತ್ಸಂದ್ರದಲ್ಲಿ ತೆಗೆದ ಲೆಕ್ಕ ಯಶವಂತಪುರ ಬಂದರೂ ಹಾಗೆಯೇ ಇತ್ತು. ಎಕ್ಸ್ ವರ್ಗಕ್ಕೆ ವೈ ವರ್ಗ ಕೂಡಿಸಿದರೆ 2ಎಕ್ಸ್. ಈ ರೇಖೆಯ ಒಳಗಿನ ವಿಸ್ತೀರ್ಣ ಎಷ್ಟು? ಆಕಾರವೇ ಹೊಳೆಯಲಿಲ್ಲ. ಸಂಜೆ ಮಗಳ ಗಣಿತ ಪುಸ್ತಕದಲ್ಲಿ ‘ವರ್ಗ ಪೂರ್ಣಗೊಳಿಸುವ ವಿಧಾನ’ ಸಿಕ್ಕಿತು. 2ಎಕ್ಸ್ ಅನ್ನು ಎಡಕ್ಕೆ ತಂದು ಎರಡೂ ಕಡೆ 1 ಕೂಡಿಸಿದೆ. (1, 0) ಕೇಂದ್ರವಾದ, ತ್ರಿಜ್ಯ 1ರ ವೃತ್ತ! ವಿಸ್ತೀರ್ಣ ಪೈ ಎಂದು ಅವಳೇ ಹೇಳಿಬಿಟ್ಟಳು.

ಬಿಂದುವನ್ನು ಮೂಲದಿಂದ ಇರುವ ದೂರ (ಆರ್) ಮತ್ತು ಕೋನದಿಂದ (ಥೀಟಾ) ಗುರುತಿಸುವ ಪೋಲಾರ್ ರೂಪದಲ್ಲಿ ಅದೇ ವೃತ್ತ ಆರ್ ಸಮ 2 ಕಾಸ್ ಥೀಟಾ. ಥೀಟಾವನ್ನು ಸೊನ್ನೆಯಿಂದ 360 ಡಿಗ್ರಿವರೆಗೆ ಓಡಿಸಿದೆ. ಉತ್ತರ 2 ಪೈ ಬಂತು. ವೃತ್ತವೆಲ್ಲ ವೈ ಅಕ್ಷದ ಬಲಕ್ಕೇ ಇದೆ, ಮೈನಸ್ 90ರಿಂದ 90 ಸಾಕು, ನಾನು ಅದನ್ನು ಎರಡು ಸಲ ಸುತ್ತಿದ್ದೆ. ಚಿತ್ರ ಬರೆದಿದ್ದರೆ ಆಗಲೇ ಕಾಣುತ್ತಿತ್ತು. ಈ ಲೆಕ್ಕಕ್ಕೆ ಬೇಕಾದ, ಕಾಸ್ ವರ್ಗವನ್ನು ಇಮ್ಮಡಿ ಕೋನಕ್ಕೆ ಬದಲಿಸುವ ಸೂತ್ರವೂ ಮರೆತುಹೋಗಿತ್ತು.

ದೊಡ್ಡ ಪುಸ್ತಕ ಮುಚ್ಚಿಟ್ಟೆ. ಆರು ವಾರ ತ್ರಿಕೋನಮಿತಿ, ಪರವಲಯ, ದೀರ್ಘವೃತ್ತ, ಅಸಮಾನತೆಗಳ ನಕ್ಷೆ ಇಷ್ಟೇ. ಲಾಗರಿದಮ್‌ಗೆ ಎರಡು ದಿನ ಹಿಡಿಯಿತು. ಹೆಚ್ಚು ಹೊತ್ತು ತಿಂದದ್ದು ಅಸಮಾನತೆ. ಎಕ್ಸ್ 0ರಿಂದ 1, ವೈ ಎಕ್ಸ್‌ನಿಂದ 1 ಎಂದರೆ ಒಂದು ತ್ರಿಕೋನ. ಅದನ್ನು ಬರೆದವರಿಗೆ ಮಾತ್ರ ವೈ 0ರಿಂದ 1, ಎಕ್ಸ್ 0ರಿಂದ ವೈವರೆಗೆ ಎಂದು ತಿರುಗಿಸಿ ಹೇಳಲು ಬರುತ್ತದೆ. ಈ ತ್ರಿಕೋನದ ಮೇಲೆ ಇ ಘಾತ ವೈ ವರ್ಗವನ್ನು ಮೊದಲು ವೈ ಹಿಡಿದು ಇಂಟಿಗ್ರೇಟ್ ಮಾಡಲು ಹೊರಟರೆ ದಾರಿಯೇ ಇಲ್ಲ. ಕ್ರಮ ತಿರುಗಿಸಿದರೆ ಎರಡು ಸಾಲಿನಲ್ಲಿ ಮುಗಿಯುತ್ತದೆ.

ಪಿಯುಸಿಯ ವೆಕ್ಟರ್‌ಗಳನ್ನು ಕೊನೆಗೆ ಇಟ್ಟುಕೊಂಡದ್ದು ತಪ್ಪು, ಮೊದಲೇ ಓದಬೇಕಿತ್ತು. ಎರಡು ವೆಕ್ಟರ್‌ಗಳ ಉದ್ದಗಳನ್ನು ನಡುವಿನ ಕೋನದ ಕಾಸ್‌ನೊಂದಿಗೆ ಗುಣಿಸುವ ಡಾಟ್ ಪ್ರಾಡಕ್ಟ್ ಬಾರದೆ, ಅತಿ ಕಡಿದಾದ ಏರಿನ ದಿಕ್ಕು ತೋರಿಸುವ ಗ್ರೇಡಿಯಂಟ್ ಬರಿಯ ಬಾಣ. ಅದು ಅರ್ಥವಾದ ವಾರ ದೇವರಾಯನದುರ್ಗಕ್ಕೆ ಹೋಗಿದ್ದೆವು. ಅತಿ ಕಡಿದಾದ ದಿಕ್ಕಿಗೆ 60 ಡಿಗ್ರಿ ಓರೆಯಾಗಿ ಹೊರಟರೆ ಏರು ಅರ್ಧವಾಗುತ್ತದೆ, ಕಾಸ್ 60 ಅರ್ಧವಲ್ಲವೇ? ರಸ್ತೆ ಬೆಟ್ಟವನ್ನು ಬಳಸಿ ಹತ್ತುವುದು ಅದಕ್ಕೇ ಎಂದು ಮಗಳಿಗೆ ವಿವರಿಸತೊಡಗಿದೆ. ಎರಡನೆಯ ತಿರುವಿನಲ್ಲಿ ಅವಳು ನಿದ್ದೆ ಹೋಗಿದ್ದಳು.