ಹೊಸ ಬ್ರ್ಯಾಂಚ್ ಶುರು ಮಾಡಿ, ಬೇಗ ಮರ್ಜ್ ಮಾಡಿ: ಗಿಟ್‌ನಲ್ಲಿ ದಿನನಿತ್ಯದ ಕ್ರಮ

ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ ಗಿಟ್. ಅದರಲ್ಲಿ ಕಮಿಟ್ ಅಂದರೆ ದಾಖಲಿಸಿಟ್ಟ ಒಂದು ಹಂತ, ಬ್ರ್ಯಾಂಚ್ ಅಂದರೆ ಒಂದು ಕಮಿಟ್‌ಗೆ ಅಂಟಿಸಿದ ಹೆಸರುಚೀಟಿ. ಕಮಿಟ್‌ಗಳಿಗೆ ಎಸ್‌ಎಚ್‌ಎ-1 ವಿಧಾನದಿಂದ ಗುರುತು ಕೊಡುವ ಸಾಮಾನ್ಯ ರೆಪೊಸಿಟರಿಯಲ್ಲಿ (ಪ್ರಾಜೆಕ್ಟಿನ ದಾಖಲೆಗಳ ಭಂಡಾರದಲ್ಲಿ) ಹೊಸ ಬ್ರ್ಯಾಂಚ್ 41 ಬೈಟ್‌ಗಳ ಪುಟ್ಟ ಫೈಲು: 40 ಅಕ್ಷರಗಳ ಕಮಿಟ್ ಗುರುತು, ಕೊನೆಗೊಂದು ಹೊಸಸಾಲಿನ ಚಿಹ್ನೆ. ಹಾಗಾಗಿ ಹೊಸ ಬ್ರ್ಯಾಂಚ್ ಮಾಡಲು ಹಿಂದೆಮುಂದೆ ನೋಡಬೇಕಿಲ್ಲ. ದುಬಾರಿ ಬೀಳುವುದು ಅದನ್ನು ವಾರಗಟ್ಟಲೆ ಮರ್ಜ್ ಮಾಡದೆ (ಬೇರೆ ಬ್ರ್ಯಾಂಚ್‌ಗೆ ಸೇರಿಸದೆ) ಇಟ್ಟುಕೊಂಡಾಗ. ಒಂದು ಬ್ರ್ಯಾಂಚ್‌ಗೆ ಒಂದೇ ಕೆಲಸ ಇರಲಿ, ಎರಡು ಮೂರು ದಿನದೊಳಗೆ ಮೇನ್‌ಗೆ, ಅಂದರೆ ಎಲ್ಲರ ಮುಖ್ಯ ಬ್ರ್ಯಾಂಚ್‌ಗೆ, ಸೇರಲಿ. ಕೆಲಸ ದೊಡ್ಡದಾದರೆ ಫೀಚರ್ ಫ್ಲ್ಯಾಗ್ (ಹೊಸ ಕೋಡನ್ನು ಆನ್-ಆಫ್ ಮಾಡುವ ಸೆಟ್ಟಿಂಗ್) ಆಫ್ ಇಟ್ಟು ತುಂಡು ತುಂಡಾಗಿ ಸೇರಿಸುತ್ತ ಹೋಗಿ.

ಶುರು ಮಾಡುವ ಮುನ್ನ ಮೇನ್ ತಾಜಾ ಇರಬೇಕು. ಮೊದಲು ‘ಗಿಟ್ ಸ್ವಿಚ್ ಮೇನ್’, ಆಮೇಲೆ ‘ಗಿಟ್ ಪುಲ್’, ನಂತರ ‘ಗಿಟ್ ಸ್ವಿಚ್ -ಸಿ’ ಎಂದು ಬರೆದು ಮುಂದೆ ಹೊಸ ಹೆಸರು ಕೊಡಿ. ಸ್ವಿಚ್ ಕಮಾಂಡ್ ಬಂದದ್ದು 2019ರ 2.23 ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯ ಗಿಟ್ ಇದ್ದರೆ ‘ಚೆಕೌಟ್ -ಬಿ’ ಬಳಸಿ. ಹೆಸರಿನಲ್ಲಿ ಕೆಲಸದ ಬಗೆ ಮತ್ತು ಟಿಕೆಟ್ (ಆ ಕೆಲಸದ ನಮೂದು) ಸಂಖ್ಯೆ ಎರಡೂ ಇರಲಿ: ‘ಫಿಕ್ಸ್/214-ಲಾಗಿನ್-ಟೈಮೌಟ್’. ಬರೀ ‘ಫಿಕ್ಸ್’ ಎಂಬ ಹೆಸರಿನ ಬ್ರ್ಯಾಂಚ್ ಇದ್ದರೆ ‘ಫಿಕ್ಸ್/’ ಎಂದು ಶುರುವಾಗುವ ಬ್ರ್ಯಾಂಚನ್ನು ಗಿಟ್ ಮಾಡಗೊಡುವುದಿಲ್ಲ. ಫೈಲಿನ ಹೆಸರನ್ನೇ ಫೋಲ್ಡರಿಗೂ ಇಟ್ಟಂತಾಗುತ್ತದೆ, ಅದಕ್ಕೆ.

ಮೊದಲ ಕಮಿಟ್ ಆದಕೂಡಲೇ ‘ಗಿಟ್ ಪುಷ್ -ಯು ಒರಿಜಿನ್’ ಜೊತೆ ಬ್ರ್ಯಾಂಚ್ ಹೆಸರು ಕೊಟ್ಟು ಪುಷ್ ಮಾಡಿ, ಅಂದರೆ ರಿಮೋಟ್‌ಗೆ (ಸರ್ವರ್‌ನಲ್ಲಿರುವ ಪ್ರತಿಗೆ, ಅದರ ವಾಡಿಕೆಯ ಹೆಸರು ಒರಿಜಿನ್) ಕಳಿಸಿ. ಡಿಸ್ಕ್ ಕೈಕೊಟ್ಟರೂ ಕೆಲಸ ಉಳಿಯುತ್ತದೆ.

ದಿನಕ್ಕೊಮ್ಮೆಯಾದರೂ ಮೇನ್‌ನ ಬದಲಾವಣೆಗಳನ್ನು ನಿಮ್ಮ ಬ್ರ್ಯಾಂಚ್‌ಗೆ ತನ್ನಿ. ಬ್ರ್ಯಾಂಚ್‌ನಲ್ಲಿ ನೀವೊಬ್ಬರೇ ಇದ್ದರೆ ‘ಗಿಟ್ ಫೆಚ್’ ಮಾಡಿ, ‘ಗಿಟ್ ರೀಬೇಸ್ ಒರಿಜಿನ್/ಮೇನ್’ ಕೊಡಿ. ಇದು ನಿಮ್ಮ ಕಮಿಟ್‌ಗಳನ್ನು ತಾಜಾ ಮೇನ್‌ನ ಮೇಲೆ ಮತ್ತೆ ಜೋಡಿಸುತ್ತದೆ. ಇನ್ನೊಬ್ಬರೂ ಅದರಲ್ಲೇ ಕೆಲಸ ಮಾಡುತ್ತಿದ್ದರೆ ರೀಬೇಸ್ ಖಂಡಿತ ಬೇಡ, ಮರ್ಜ್ ಮಾಡಿ. ರೀಬೇಸ್ ಹಳೆಯ ಕಮಿಟ್‌ಗಳ ಬದಲಿಗೆ ಹೊಸ ಕಮಿಟ್‌ಗಳನ್ನು ಬರೆಯುತ್ತದೆ. ಅವರ ಹತ್ತಿರ ಹಳೆಯವು ಹಾಗೆಯೇ ಉಳಿದು ಒಂದೇ ಬದಲಾವಣೆ ಎರಡೆರಡು ಸಲ ಕಾಣಿಸಿಕೊಳ್ಳುತ್ತದೆ. ರೀಬೇಸ್ ಆದಮೇಲೆ ಪುಷ್ ಮಾಡಲು ಬರಿಯ ‘ಫೋರ್ಸ್’ ಬೇಡ, ‘ಫೋರ್ಸ್-ವಿತ್-ಲೀಸ್’ ಕೊಡಿ. ನೀವು ಇನ್ನೂ ಫೆಚ್ ಮಾಡಿರದ ಕಮಿಟ್ ರಿಮೋಟ್‌ನಲ್ಲಿದ್ದರೆ ಅದು ಪುಷ್ ನಿಲ್ಲಿಸುತ್ತದೆ.

ಕಾನ್‌ಫ್ಲಿಕ್ಟ್ (ಎರಡೂ ಕಡೆ ಒಂದೇ ಜಾಗ ಬದಲಾಗಿ ಗಿಟ್ ತಾನಾಗಿ ಸೇರಿಸಲಾಗದ ಸ್ಥಿತಿ) ಬಂದಾಗ ಎಡವುವುದು ಹೆಚ್ಚಾಗಿ ಒಂದು ಕಾರಣಕ್ಕೆ: ಮೂಲದಲ್ಲಿ ಏನಿತ್ತೆಂದು ಕಾಣುವುದಿಲ್ಲ. ಮೇನ್ ಕಡೆ ‘ಟೈಮೌಟ್ = 60’, ನಿಮ್ಮ ಕಡೆ ‘ಟೈಮೌಟ್ = 45’ ಇದೆ ಅನ್ನಿ. ಯಾವುದನ್ನು ಉಳಿಸಬೇಕು? ‘ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್’ ಸೆಟ್ಟಿಂಗನ್ನು ‘ಡಿಫ್3’ಗೆ ಬದಲಿಸಿದರೆ ಎರಡರ ನಡುವೆ ಮೂಲದ ಸಾಲೂ ಕಾಣುತ್ತದೆ. ಅಲ್ಲಿ 45 ಇದ್ದರೆ ನೀವು ಆ ಸಂಖ್ಯೆಯನ್ನು ಮುಟ್ಟಿಯೇ ಇಲ್ಲ, ಪಕ್ಕದ ಸಾಲನ್ನಷ್ಟೇ ತಿದ್ದಿದ್ದೀರಿ, 60 ಉಳಿಸಿ. ಅಲ್ಲಿ 30 ಇದ್ದರೆ ಇಬ್ಬರೂ ಬದಲಿಸಿದ್ದೀರಿ. 60 ಹಾಕಿದವರನ್ನು ಕೇಳದೆ ಮುಂದೆ ಹೋಗಬೇಡಿ. ಇನ್ನೊಂದು ಎಚ್ಚರ: ಎರಡು ಕಡೆಗಳಿಗೆ ಗಿಟ್ ಕೊಡುವ ಹೆಸರುಗಳಲ್ಲಿ, ರೀಬೇಸ್ ನಡೆಯುವಾಗ ‘ಅವರ್ಸ್’ ಅಂದರೆ ಮೇನ್ ಕಡೆಯದು, ‘ದೇರ್ಸ್’ ಅಂದರೆ ನಿಮ್ಮದು. ಮರ್ಜ್‌ನಲ್ಲಿ ಇದಕ್ಕೆ ತಿರುಗುಮುರುಗು. ಇದು ಗೊತ್ತಿಲ್ಲದೆ ತಮ್ಮ ಕೆಲಸವನ್ನು ತಾವೇ ಅಳಿಸಿಕೊಂಡವರು ಬಹಳ. ಗೊಂದಲವಾದರೆ ‘ಗಿಟ್ ರೀಬೇಸ್ --ಅಬಾರ್ಟ್’ ಕೊಟ್ಟು ಮೊದಲಿದ್ದಲ್ಲಿಗೇ ಮರಳಿ.

ಕಾನ್‌ಫ್ಲಿಕ್ಟ್ ಬರಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಮೇನ್‌ನಲ್ಲಿ ಯಾರೋ ಒಂದು ಫಂಕ್ಷನ್‌ನ ಹೆಸರು ಬದಲಿಸಿರುತ್ತಾರೆ, ನೀವು ಬೇರೊಂದು ಫೈಲಿನಲ್ಲಿ ಹಳೆಯ ಹೆಸರಿನಿಂದಲೇ ಕರೆದಿರುತ್ತೀರಿ. ಸಾಲುಗಳು ಬೇರೆ ಬೇರೆ, ಗಿಟ್ ತಕರಾರಿಲ್ಲದೆ ಮರ್ಜ್ ಮಾಡುತ್ತದೆ, ಬಿಲ್ಡ್ ಮುರಿಯುತ್ತದೆ. ಅದಕ್ಕೇ ಟೆಸ್ಟ್ ಓಡಿಸಬೇಕಾದದ್ದು ತಾಜಾ ಮೇನ್ ಸೇರಿಸಿಕೊಂಡ ಮೇಲೆ.

ರಿವ್ಯೂಗೆ ಕಳಿಸುವ ಬದಲಾವಣೆ ಚಿಕ್ಕದಿರಲಿ. ಸಾವಿರ ಸಾಲುಗಳನ್ನು ಯಾರೂ ಮನಸ್ಸಿಟ್ಟು ಓದುವುದಿಲ್ಲ, ಮುನ್ನೂರರೊಳಗೆ ಇದ್ದರೆ ಓದುತ್ತಾರೆ.

ಮರ್ಜ್ ಆದ ಬ್ರ್ಯಾಂಚನ್ನು ‘ಗಿಟ್ ಬ್ರ್ಯಾಂಚ್’ಗೆ ಚಿಕ್ಕ ಡಿ ಕೊಟ್ಟು ಅಳಿಸಿ. ಸ್ಕ್ವಾಶ್ ಮಾಡಿ (ಎಲ್ಲ ಕಮಿಟ್‌ಗಳನ್ನು ಒಂದಾಗಿಸಿ) ಸೇರಿಸಿದ್ದರೆ ಮೂಲ ಕಮಿಟ್‌ಗಳು ಮೇನ್‌ನಲ್ಲಿ ಇರುವುದಿಲ್ಲವಾದ್ದರಿಂದ ಗಿಟ್ ಒಪ್ಪದೇ ಇರಬಹುದು. ಕೆಲಸ ಮೇನ್‌ಗೆ ಸೇರಿದ್ದನ್ನು ಕಣ್ಣಾರೆ ನೋಡಿ, ಆಮೇಲಷ್ಟೇ ದೊಡ್ಡ ಡಿ ಬಳಸಿ. ತಪ್ಪಿ ಅಳಿಸಿದರೆ ‘ಗಿಟ್ ರಿಫ್ಲಾಗ್’ನಲ್ಲಿ (ನೀವು ಯಾವ ಯಾವ ಕಮಿಟ್‌ನಲ್ಲಿದ್ದಿರೆಂಬ ದಾಖಲೆಯಲ್ಲಿ) ಆ ಕಮಿಟ್‌ನ ಗುರುತು ಹುಡುಕಿ ಅದರಿಂದಲೇ ಮತ್ತೆ ಬ್ರ್ಯಾಂಚ್ ಮಾಡಿಕೊಳ್ಳಬಹುದು. ಸೆಟ್ಟಿಂಗ್ ಬದಲಿಸಿರದಿದ್ದರೆ ಇದಕ್ಕೆ 30 ದಿನ ಕಾಲಾವಕಾಶ ಸಿಗುತ್ತದೆ.

ಮರ್ಜ್ ಆದಮೇಲೆ ದೋಷ ಕಂಡರೆ ‘ಗಿಟ್ ರಿವರ್ಟ್ -ಎಂ 1’ ಕೊಟ್ಟು ಮರ್ಜ್ ಕಮಿಟನ್ನು ಹಿಂತೆಗೆಯಿರಿ. ಆದರೆ ಅದೇ ಬ್ರ್ಯಾಂಚ್ ಸರಿಪಡಿಸಿ ಮತ್ತೆ ಮರ್ಜ್ ಮಾಡಿದರೆ ಹೊಸ ತಿದ್ದುಪಡಿ ಮಾತ್ರ ಬರುತ್ತದೆ, ಮೊದಲಿನ ಕೋಡ್ ಬರುವುದಿಲ್ಲ. ಗಿಟ್ ಲೆಕ್ಕದಲ್ಲಿ ಅದು ಆಗಲೇ ಮರ್ಜ್ ಆಗಿದೆ. ಮೊದಲು ಆ ರಿವರ್ಟ್ ಕಮಿಟನ್ನೇ ರಿವರ್ಟ್ ಮಾಡಿ, ಆಮೇಲೆ ತಿದ್ದುಪಡಿ ಸೇರಿಸಿ.